85 ಸೆಂಟಿಮೀಟರಿಗಿಂತ ಕೆಳಗಿನ ಪ್ರವಾಸಿಗ

ಮೈಸೂರು ರಸ್ತೆಯಲ್ಲಿ ಬಿಡದಿ ಹತ್ತಿರ ಇರುವ ವಂಡರ್‌ಲಾ ಮನರಂಜನಾ ಪಾರ್ಕಿನ ಟಿಕೆಟ್ ಕೌಂಟರಿನಲ್ಲಿ ಮಗುವಿಗೆ ಎಷ್ಟು ವರ್ಷ ಎನ್ನುವುದಕ್ಕಿಂತ ಎಷ್ಟು ಎತ್ತರ ಎನ್ನುವುದೇ ಮುಖ್ಯ. 85 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಟಿಕೆಟ್ ಬೇಡ. ಅಲ್ಲಿಂದ 140 ಸೆಂಟಿಮೀಟರಿನವರೆಗೆ ಮಕ್ಕಳ ಟಿಕೆಟ್, ಅದನ್ನು ದಾಟಿದರೆ ಪೂರ್ತಿ ದರ. ಸರ್ಕಾರಿ ಬಸ್ಸಿನಲ್ಲಿ ಆರು ತುಂಬದವರಿಗೆ ಟಿಕೆಟ್ ಇಲ್ಲವೆಂದು ಎರಡನೇ ಕ್ಲಾಸಿನ ಹುಡುಗನಿಗೂ ‘ಇನ್ನೂ ಐದು ಸಾರ್’ ಎಂದು ವಯಸ್ಸು ಇಳಿಸುವ ನಮ್ಮ ಜಾಣತನ ಈ ಅಳತೆಪಟ್ಟಿಯ ಮುಂದೆ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಎರಡು ತುಂಬಿದ ಗಂಡುಮಗುವಿನ ಮಧ್ಯಮ ಎತ್ತರ ಸುಮಾರು 87 ಸೆಂಟಿಮೀಟರ್, ಹೆಣ್ಣುಮಗುವಿನದು ಸುಮಾರು 86. ಅಂದರೆ ಆ 85ರ ಗೆರೆ ಹೆಚ್ಚುಕಡಿಮೆ ಎರಡನೇ ಹುಟ್ಟುಹಬ್ಬದ ಮೇಲೆಯೇ ಬಿದ್ದಿದೆ. ಅದರ ಕೆಳಗಿನ ಮಗು ಲೆಕ್ಕಕ್ಕೆ ಇಲ್ಲ. ಸೀಟಿಲ್ಲ, ರೈಡಿಲ್ಲ, ರಸೀತಿಯಲ್ಲಿ ಹೆಸರಿಲ್ಲ. ಆದರೂ ಅಪ್ಪ, ಅಮ್ಮ, ಅಜ್ಜಿ, ಅಕ್ಕ ಸೇರಿ ನಾಲ್ಕೈದು ಸಾವಿರ ರೂಪಾಯಿ ತೆತ್ತು ಒಳಗೆ ಹೋದ ಆ ಇಡೀ ತಂಡದ ದಿನ ಹೇಗೆ ಸಾಗಬೇಕೆಂದು ಕಡೆಗೆ ತೀರ್ಮಾನಿಸುವುದು ಈ ಲೆಕ್ಕಕ್ಕಿಲ್ಲದ ಪ್ರವಾಸಿಗನೇ.

ಬೇಸಿಗೆ ರಜೆ, ದಸರಾ ರಜೆ ಬಂದಾಗಲೆಲ್ಲ ಮನೆಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಇಷ್ಟು ಸಣ್ಣ ಮಗುವನ್ನು ಅಂಥ ಕಡೆ ಕರೆದುಕೊಂಡು ಹೋಗಬೇಕೋ ಬೇಡವೋ? ಒಂದು ಪಕ್ಷದವರು ‘ಅದಕ್ಕೇನು ಗೊತ್ತಾಗತ್ತೆ, ದುಡ್ಡು ದಂಡ’ ಅನ್ನುತ್ತಾರೆ. ಇನ್ನೊಂದು ಪಕ್ಷದವರು ‘ಮಗು ಖುಷಿ ಪಡಲಿ ಬಿಡಿ’ ಅನ್ನುತ್ತಾರೆ. ಇಬ್ಬರೂ ಮಾತಾಡುತ್ತಿರುವುದು ಮಗುವಿನ ಬಗ್ಗೆ. ನನಗೆ ಕಾಣುವಂತೆ ತೊಡಕು ಇರುವುದು ಟಿಕೆಟ್ಟಿನಲ್ಲಿ. ಒಂದೇ ದರ ಕಟ್ಟಿ ಇಡೀ ದಿನವನ್ನು ಕೊಳ್ಳುವ ಪದ್ಧತಿ ದೊಡ್ಡವರ ತಲೆಯಲ್ಲಿ ವಸೂಲಿಯ ಲೆಕ್ಕವೊಂದನ್ನು ಹುಟ್ಟುಹಾಕುತ್ತದೆ. ಎರಡು ವರ್ಷದ ದೇಹಕ್ಕೆ ಒಗ್ಗುವುದು ಹೆಚ್ಚೆಂದರೆ ಮೂರು ಗಂಟೆ. ಈ ಎರಡರ ನಡುವಿನ ಜಗ್ಗಾಟವನ್ನೇ ನಾವು ‘ಮಗು ರಚ್ಚೆ ಹಿಡಿಯಿತು’ ಎಂದು ಕರೆಯುತ್ತೇವೆ.

ಆ ದಿನವನ್ನು ಗಡಿಯಾರದ ಪಕ್ಕ ಇಟ್ಟು ನೋಡಿ. ಪಾರ್ಕು ತೆರೆಯುವುದು ಬೆಳಿಗ್ಗೆ 11ಕ್ಕೆ. ವೈಟ್‌ಫೀಲ್ಡ್ ಕಡೆಯವರೋ ಯಲಹಂಕದವರೋ ಆದರೆ ಒಂಬತ್ತಕ್ಕೇ ಮನೆ ಬಿಡಬೇಕು, ಹಾಗಾಗಿ ಮಗುವನ್ನು ಎಬ್ಬಿಸಿ ಸ್ನಾನ ಮಾಡಿಸಿ ಅವಸರದಲ್ಲಿ ಎರಡು ತುತ್ತು ಇಡ್ಲಿ ತುರುಕಿದ್ದಾಗಿರುತ್ತದೆ. ಕಾರಿನಲ್ಲಿ ಒಂದೂವರೆ ಎರಡು ಗಂಟೆ ಕೂತಿದ್ದಾಗಿರುತ್ತದೆ. ಇಷ್ಟು ಸಣ್ಣ ಮಕ್ಕಳನ್ನು ತಳ್ಳುಗಾಡಿಯಲ್ಲೋ ಕುರ್ಚಿಯಲ್ಲೋ ಬೆನ್ನಿಗೋ ಕಟ್ಟಿ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕೂರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿದೆ. ಅದೇ ಮಾರ್ಗಸೂಚಿಯ ಪ್ರಕಾರ ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಬಹುತೇಕ ಮಕ್ಕಳಿಗೆ ಆ ಹಗಲಿನ ನಿದ್ದೆ ಬರುವುದು ಊಟದ ನಂತರ, ಒಂದರಿಂದ ಮೂರರ ನಡುವೆ. ಪಾರ್ಕಿನಲ್ಲಿ ಸಾಲು ಉದ್ದವಾಗುವುದು, ನೀರಿನ ಆಟಗಳಿಗೆ ಕಳೆ ಬರುವುದು, ಬಿಸಿಲು ನೆತ್ತಿಗೆ ಏರುವುದು ಎಲ್ಲವೂ ಅದೇ ಹೊತ್ತಿಗೆ. ಬಾಗಿಲು ತೆರೆಯುವ ಗಂಟೆಗೂ ಮಗುವಿನ ಗಂಟೆಗೂ ಮೊದಲಿಂದಲೇ ತಾಳ ತಪ್ಪಿದೆ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ, ಎರಡು ವರ್ಷದ ಮಗು ಅತ್ಯಂತ ಹುಮ್ಮಸ್ಸಿನಲ್ಲಿರುವ ಸಮಯ, ಹೊರಡುವ ಗಡಿಬಿಡಿಯಲ್ಲಿ ಮತ್ತು ರಸ್ತೆಯ ಮೇಲೆ ಕಳೆದುಹೋಗಿರುತ್ತದೆ.

ಮಧ್ಯಾಹ್ನ ಎರಡರ ಹೊತ್ತಿಗೆ ಇಂಥ ಯಾವ ಪಾರ್ಕಿನಲ್ಲಾದರೂ ನೆರಳಿರುವ ಕಟ್ಟೆಗಳ ಕಡೆ ಕಣ್ಣು ಹಾಯಿಸಿದರೆ ಕಾಣುವ ಚಿತ್ರ ಹೆಚ್ಚುಕಡಿಮೆ ಒಂದೇ. ಒದ್ದೆ ನೈಲಾನ್ ಬಟ್ಟೆಯಲ್ಲಿ ನಡುಗುತ್ತ ಅಳುವ ಕೂಸು, ಅದರ ತಲೆ ಒರೆಸುತ್ತ ‘ಇನ್ನೊಂದೇ ಇನ್ನೊಂದು ಆಟ, ಆಮೇಲೆ ಮಲಗೋಣ’ ಎಂದು ಪುಸಲಾಯಿಸುವ ತಾಯಿ, ಕೈಯಲ್ಲಿ ಅರ್ಧ ತಿಂದ ಚಿಪ್ಸ್ ಪೊಟ್ಟಣ ಹಿಡಿದು ಮುಂದಿನ ರೈಡಿನ ಸಾಲು ಎಷ್ಟು ಉದ್ದ ಇದೆ ಎಂದು ಇಣುಕುವ ತಂದೆ. ಆ ತಂದೆ ಕಟುಕನಲ್ಲ. ಅವನ ಜೇಬಿನಲ್ಲಿರುವ ಟಿಕೆಟ್ಟು ಸಂಜೆ ಆರರವರೆಗೆ ಊರ್ಜಿತ. ಮೂರಕ್ಕೆ ಎದ್ದು ಹೊರಟರೆ ಕೊಟ್ಟ ದುಡ್ಡಿಗೆ ಮೋಸ ಆದಂತೆ ಅವನಿಗೆ ಅನ್ನಿಸುತ್ತದೆ. ಒಮ್ಮೆ ಕೈಬಿಟ್ಟ ಹಣ ಇನ್ನು ವಾಪಸು ಬರುವುದಿಲ್ಲ, ಅದನ್ನು ಮುಂದಿನ ತೀರ್ಮಾನದ ತಕ್ಕಡಿಯಲ್ಲಿ ಹಾಕಬಾರದು ಎಂದು ಅರ್ಥಶಾಸ್ತ್ರದ ಮೊದಲ ವರ್ಷದ ಪಠ್ಯದಲ್ಲೇ ಹೇಳಿಕೊಡುತ್ತಾರೆ. ಆದರೆ ಮದುವೆ ಮನೆಯಲ್ಲಿ ಹೊಟ್ಟೆ ತುಂಬಿದ ಮೇಲೂ ಹೋಳಿಗೆ ಬಡಿಸಿಕೊಳ್ಳುವ ನಮಗೆ ಆ ಪಾಠ ಪರೀಕ್ಷೆಗೆ ಮಾತ್ರ.

ಇಲ್ಲಿ ಹಿರಿಯರ ಆಕ್ಷೇಪವೊಂದು ಬರುತ್ತದೆ, ಅದು ಹಗುರವಾದುದಲ್ಲ. ನಾವು ಎಳೆಗೂಸುಗಳನ್ನು ಜಾತ್ರೆಗೆ ಕರೆದೊಯ್ಯುತ್ತಿರಲಿಲ್ಲವೇ, ರಾತ್ರಿಯಿಡೀ ಯಕ್ಷಗಾನದ ಬಯಲಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿರಲಿಲ್ಲವೇ, ಆ ಮಕ್ಕಳೆಲ್ಲ ಚೆನ್ನಾಗಿಯೇ ಬೆಳೆದವಲ್ಲ ಎನ್ನುತ್ತಾರೆ. ನಿಜ. ಜಾತ್ರೆಯ ಗದ್ದಲ ಪಾರ್ಕಿನ ಗದ್ದಲಕ್ಕಿಂತ ಕಡಿಮೆಯದಲ್ಲ. ತಮಟೆ, ಪೀಪಿ, ಪಟಾಕಿ, ಧ್ವನಿವರ್ಧಕ, ಎಲ್ಲವೂ ಇದ್ದವು. ಆದರೆ ಜಾತ್ರೆಗೆ ಬಾಗಿಲಿರಲಿಲ್ಲ. ಬಾಗಿಲಿಲ್ಲದ್ದರಿಂದ ಟಿಕೆಟ್ಟಿರಲಿಲ್ಲ, ಟಿಕೆಟ್ಟಿಲ್ಲದ್ದರಿಂದ ವಸೂಲಿಯ ಲೆಕ್ಕವೂ ಇರಲಿಲ್ಲ. ತೊಟ್ಟಿಲು ಹತ್ತುವವರು ಆ ಒಂದು ಸುತ್ತಿಗೆ ಕಾಸು ಕೊಡುತ್ತಿದ್ದರು, ಹತ್ತದವರು ನೋಡುತ್ತ ನಿಲ್ಲುತ್ತಿದ್ದರು. ಮಗು ಅತ್ತರೆ ಚಿಕ್ಕಮ್ಮನ ಸೊಂಟದಿಂದ ಸೋದರಮಾವನ ಹೆಗಲಿಗೆ ದಾಟುತ್ತಿತ್ತು, ನಿದ್ದೆ ಬಂದರೆ ಗುಡಿಯ ಪಡಸಾಲೆಯಲ್ಲೋ ಎತ್ತಿನಗಾಡಿಯ ಹುಲ್ಲಿನ ಮೇಲೋ ಒರಗುತ್ತಿತ್ತು. ತೇರು ಎಳೆಯುವುದನ್ನು ನೋಡಿ, ಬೆಂಡು ಬತ್ತಾಸು ಕಟ್ಟಿಸಿಕೊಂಡು, ಬೇಕೆನಿಸಿದಾಗ ಮನೆಗೆ ಹೊರಟರೆ ‘ಇನ್ನೂ ಇಪ್ಪತ್ತು ಆಟ ಬಾಕಿ ಇದೆ’ ಎಂದು ಯಾರೂ ಕೈ ಹಿಡಿದು ಎಳೆಯುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಮಗು ಕಿರಿಕಿರಿ ನಿಲ್ಲಿಸದಿದ್ದರೆ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು, ದೀಪ ಸಣ್ಣದು ಮಾಡಿ, ಒಳಕೋಣೆಯಲ್ಲಿ ತಟ್ಟಿ ಮಲಗಿಸುತ್ತಿದ್ದಳು. ಜನಸಂದಣಿಯಲ್ಲಿ ಕಣ್ಣು ಕಿವಿ ದಣಿದ ಮಗುವಿಗೆ ಕತ್ತಲೆ, ಮೌನ ಮತ್ತು ಒಂದು ಪರಿಚಿತ ಕೈ ಬೇಕು ಎನ್ನುವುದು ಆಕೆಗೆ ಗೊತ್ತಿತ್ತು, ಕಾರಣಕ್ಕೆ ಅವಳು ಕೊಟ್ಟ ಹೆಸರು ಮಾತ್ರ ಬೇರೆ.

ಇನ್ನು ನೆನಪಿನ ಮಾತು. ‘ದೊಡ್ಡದಾದ ಮೇಲೆ ಮಗುವಿಗೆ ಏನೂ ನೆನಪಿರಲ್ಲ’ ಎಂಬ ವಾದವನ್ನು ಎಲ್ಲರೂ ಎಷ್ಟು ಖಚಿತವಾಗಿ ಹೇಳುತ್ತಾರೆಂದರೆ ಅದನ್ನು ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ ಎಂದು ಕೇಳುವುದನ್ನೇ ಮರೆಯುತ್ತೇವೆ. ನೋಡಿದ್ದಾರೆ, ಅದೂ ಡಿಸ್ನಿ ವರ್ಲ್ಡ್‌ಗೆ ಹೋಗಿ ಬಂದ ಮಕ್ಕಳನ್ನೇ ಹಿಡಿದು. ಮನಶ್ಶಾಸ್ತ್ರಜ್ಞೆಯರಾದ ನೀನಾ ಹ್ಯಾಮಂಡ್ ಮತ್ತು ರಾಬಿನ್ ಫಿವುಶ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಮತ್ತು ನಾಲ್ಕು ವರ್ಷದ ಆಸುಪಾಸಿನಲ್ಲಿ ಅಲ್ಲಿಗೆ ಹೋಗಿದ್ದ ಮಕ್ಕಳನ್ನು ಆರು ತಿಂಗಳ ನಂತರ ಇಲ್ಲವೇ ಹದಿನೆಂಟು ತಿಂಗಳ ನಂತರ ಮಾತಾಡಿಸಿದರು. ಮಕ್ಕಳು ಸಾಕಷ್ಟನ್ನು, ಅದೂ ಸರಿಯಾಗಿಯೇ, ನೆನಪಿಟ್ಟುಕೊಂಡಿದ್ದರು. ದೊಡ್ಡ ಮಕ್ಕಳ ವರ್ಣನೆಯಲ್ಲಿ ವಿವರ ಹೆಚ್ಚಿತ್ತು ಅಷ್ಟೆ. ಮನೆಯಲ್ಲಿ ಆ ಪ್ರವಾಸದ ಮಾತು ಮತ್ತೆ ಮತ್ತೆ ಬರುತ್ತಿದ್ದ ಮಕ್ಕಳಿಗೆ ಹೆಚ್ಚು ನೆನಪಿತ್ತು. ಆದರೆ ಆ ನೆನಪು ಉಳಿಯುವುದು ಎಲ್ಲಿಯತನಕ? ಎಮೊರಿ ವಿಶ್ವವಿದ್ಯಾಲಯದ ಪೆಟ್ರಿಷಿಯಾ ಬಾವರ್ ಮತ್ತು ಮರೀನಾ ಲಾರ್ಕಿನಾ ಮೂರನೇ ವಯಸ್ಸಿನಲ್ಲಿ ಮಕ್ಕಳು ತಾಯಂದಿರ ಜೊತೆ ಮಾತಾಡಿದ್ದ ಘಟನೆಗಳನ್ನು ವರ್ಷಗಳ ನಂತರ ಅದೇ ಮಕ್ಕಳಿಗೆ ಕೇಳಿದರು. ಐದರಿಂದ ಏಳು ವರ್ಷದವರಿಗೆ ಶೇ 63ರಿಂದ 72ರಷ್ಟು ನೆನಪಿತ್ತು, ಎಂಟು ಒಂಬತ್ತರ ಹೊತ್ತಿಗೆ ಅದು ಶೇ 35ರ ಆಸುಪಾಸಿಗೆ ಕುಸಿದಿತ್ತು. ಗಮನಿಸಿ, ಇವೆಲ್ಲ ಮೂರು ತುಂಬಿದ ಮಕ್ಕಳ ಕಥೆ. ದೊಡ್ಡವರನ್ನು ಅವರ ಮೊಟ್ಟಮೊದಲ ನೆನಪು ಯಾವುದೆಂದು ಕೇಳಿದರೆ ಸರಾಸರಿಯಲ್ಲಿ ಅದು ಮೂರು ಮೂರೂವರೆ ವರ್ಷದ ಆಚೆಗೆ ಹೋಗುವುದಿಲ್ಲ. ಎರಡು ವರ್ಷದ ಕೂಸಿನ ಪಾರ್ಕ್ ಪ್ರವಾಸ ಅದರ ಸ್ವಂತ ನೆನಪಾಗಿ ಉಳಿಯುತ್ತದೆ ಎಂದು ನಂಬುವವರು ಒಪ್ಪಿಕೊಳ್ಳಬೇಕಾದ ಮಾತು ಇದು.

ಹಾಗಾದರೆ ‘ದುಡ್ಡು ದಂಡ’ ಪಕ್ಷ ಗೆದ್ದಿತೇ? ಗೆಲ್ಲಲಿಲ್ಲ. ನೆನಪಿರದಿದ್ದರೆ ವ್ಯರ್ಥ ಎನ್ನುವ ತರ್ಕವನ್ನು ಹಿಡಿದು ಹೊರಟರೆ ಎಣ್ಣೆ ನೀರು, ಜೋಗುಳ, ಚಂದಮಾಮನನ್ನು ತೋರಿಸಿ ಉಣಿಸಿದ ತುತ್ತು, ಯಾವುದೂ ಉಳಿಯುವುದಿಲ್ಲ. ಎರಡು ವರ್ಷದವರಿಗೆ ಇವತ್ತಿನ ಸಂತೋಷ ಇವತ್ತಿಗೇ ಸಾಕು. ಆದರೆ ಈ ಉತ್ತರ ಪಾರ್ಕ್ ಪಕ್ಷಪಾತಿಗಳ ಕೈಗೂ ಪೂರ್ತಿ ಸಿಗುವುದಿಲ್ಲ, ಯಾಕೆಂದರೆ ಇವತ್ತಿನ ಸಂತೋಷವೇ ಅಳತೆಗೋಲು ಅನ್ನುವುದಾದರೆ ಎರಡು ಗಂಟೆಯ ನಲಿವು ಮತ್ತು ನಾಲ್ಕು ಗಂಟೆಯ ಅಳುವನ್ನು ಕೂಡಿಸಿ ‘ಒಟ್ಟಿನಲ್ಲಿ ಮಜಾ ಬಂತು’ ಎಂದು ಫೋಟೊ ಹಾಕಲಾಗದು. ಫೋಟೊಗಳ ವಿಷಯ ಬಂದದ್ದರಿಂದ ಒಂದು ಮಾತು: ನೆನಪು ಎನ್ನುವುದನ್ನು ಹೊರಗಿನಿಂದಲೂ ತಯಾರಿಸಬಹುದು. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜೊತೆಗಾರರು ಕೆಲವರಿಗೆ ಡಿಸ್ನಿಲ್ಯಾಂಡಿನದೆಂಬಂತೆ ಒಂದು ಜಾಹೀರಾತು ತೋರಿಸಿದರು, ಅದರಲ್ಲಿ ಬಗ್ಸ್ ಬನ್ನಿ ಎಂಬ ಮೊಲ ಇತ್ತು. ನೋಡಿದವರಲ್ಲಿ ಶೇ 16ರಷ್ಟು ಮಂದಿ ತಾವು ಬಾಲ್ಯದಲ್ಲಿ ಡಿಸ್ನಿಲ್ಯಾಂಡಿನಲ್ಲಿ ಆ ಮೊಲವನ್ನು ಕಂಡಿದ್ದೆವು ಎಂದರು. ಬಗ್ಸ್ ಬನ್ನಿ ವಾರ್ನರ್ ಬ್ರದರ್ಸ್‌ನವರ ಮೊಲ, ಡಿಸ್ನಿಯವರ ಅಂಗಳದಲ್ಲಿ ಅದಕ್ಕೆ ಕಾಲಿಡಲು ಸಾಧ್ಯವೇ ಇರಲಿಲ್ಲ. ಮುಂದೆ ನಮ್ಮ ಮಕ್ಕಳು ‘ನಾನು ಚಿಕ್ಕವನಿದ್ದಾಗ ತುಂಬ ಎಂಜಾಯ್ ಮಾಡಿದ್ದೆ’ ಎಂದು ಹೇಳುವುದರಲ್ಲಿ ಆ ದಿನದ ಪಾಲೆಷ್ಟು, ಗೋಡೆಗೆ ಹಾಕಿದ ಫೋಟೊದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

‘ಹೊಸ ಹೊಸದನ್ನು ತೋರಿಸಿದರೆ ಬುದ್ಧಿ ಚುರುಕಾಗುತ್ತದೆ’ ಎಂಬ ಇನ್ನೊಂದು ಸಮರ್ಥನೆಯೂ ಚಾಲ್ತಿಯಲ್ಲಿದೆ. ಎರಡು ವರ್ಷದ ಮಗುವಿಗೆ ಹೊಸದಲ್ಲದ್ದು ಈ ಲೋಕದಲ್ಲಿ ಏನಿದೆ ಹೇಳಿ. ಅದಕ್ಕೆ ನಲ್ಲಿ ಹೊಸದು, ಮೆಟ್ಟಿಲು ಹೊಸದು, ಇರುವೆ ಸಾಲು ಹೊಸದು. ನೂರಾರು ಕೋಟಿ ಸುರಿದು ಕಟ್ಟಿದ ಪಾರ್ಕಿನಲ್ಲಿ ಮಗು ನೆಲದ ಜಾಲರಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ನೀರು ಸುಳಿ ತಿರುಗಿ ಒಳಗೆ ಇಳಿಯುವುದನ್ನು ನೋಡುತ್ತದೆ. ಒಂದು ಎಲೆ ಹಾಕುತ್ತದೆ, ಎಲೆ ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ಬೆರಳಿನಲ್ಲಿ ಕೆದಕಿ ತೆಗೆದು ಮತ್ತೆ ಹಾಕುತ್ತದೆ. ಹತ್ತು ಸಲ, ಹದಿನೈದು ಸಲ. ಅದರ ಮಟ್ಟಿಗೆ ಅದೇ ಆ ದಿನದ ದೊಡ್ಡ ರೈಡು. ಅಷ್ಟರಲ್ಲಿ ಯಾರೋ ಕಂಕುಳಿಗೆ ಕೈಹಾಕಿ ಎತ್ತಿ ‘ಬಾ ಬಾ, ಅಲ್ಲಿ ನೋಡು ಎಷ್ಟು ಚೆನ್ನಾಗಿದೆ’ ಎಂದು ರೈನ್ ಡಿಸ್ಕೋ ಕಡೆ ಹೊತ್ತೊಯ್ಯುತ್ತಾರೆ. ಬಣ್ಣದ ದೀಪ, ಎದೆ ನಡುಗಿಸುವ ಸಂಗೀತ, ಮೇಲಿಂದ ಸುರಿಯುವ ನೀರು. ಹದಿನಾರರ ಹುಡುಗಿಗೆ ಅದು ಸ್ವರ್ಗ. ಸದ್ದು ಎಲ್ಲಿಂದ ಬರುತ್ತಿದೆಯೆಂದು ತಿಳಿಯದ ಕೂಸಿಗೆ ಅದು ಸಿಡಿಲು. ದೊಡ್ಡ ತಲೆಯ ಗೊಂಬೆ ವೇಷಧಾರಿ ಕೈಕುಲುಕಲು ಬಂದಾಗ ಅಮ್ಮನ ಕುತ್ತಿಗೆಯನ್ನು ಬಿಗಿದಪ್ಪುವ ಮಗುವೂ ಹೆದರುಪುಕ್ಕಲು ಅಲ್ಲ. ಆ ವಯಸ್ಸಿನಲ್ಲಿ ಹಾಗೆ ಹೆದರುವುದೇ ಸಹಜ. ಯಕ್ಷಗಾನದ ಬಣ್ಣದ ವೇಷ ಆರ್ಭಟಿಸುತ್ತ ರಂಗಕ್ಕೆ ಬಂದಾಗ ಕರಾವಳಿಯ ಎಷ್ಟು ತಲೆಮಾರಿನ ಮಕ್ಕಳು ಸೆರಗಿನೊಳಗೆ ಮುಖ ಹುದುಗಿಸಿಲ್ಲ!

ಈ ಗೋಜಲು ನಮ್ಮೊಬ್ಬರದಲ್ಲ. ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮಿನಲ್ಲಿ ತೆರೆಯಿತು. ಅದರ ಹುಟ್ಟಿನ ಬಗ್ಗೆ ವಾಲ್ಟ್ ಡಿಸ್ನಿ ಸ್ವತಃ ಹೇಳಿಕೊಂಡಿದ್ದ ಕಥೆ ಹೀಗಿದೆ: ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಹೆಣ್ಣುಮಕ್ಕಳಿಬ್ಬರು ತಿರುಗುವ ಕುದುರೆಯ ಮೇಲೆ ಕೂತು ಸುತ್ತುತ್ತಿದ್ದರೆ ತಾನು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂರಬೇಕಾಗಿತ್ತಂತೆ. ಹೆತ್ತವರೂ ಮಕ್ಕಳೂ ಜೊತೆಯಾಗಿ ಆಡುವ ಜಾಗವೊಂದು ಬೇಕು ಎಂದು ಹೊಳೆದದ್ದು ಆಗಲೇ ಎನ್ನುತ್ತಿದ್ದ. ಇವತ್ತು ಡಿಸ್ನಿಯವರ ಪಾರ್ಕುಗಳಿಗೆ ಹೋಗುವವರಲ್ಲಿ ನಮ್ಮವರೂ ಇದ್ದಾರೆ. ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಿಕೊಳ್ಳಲೋ ಆರು ತಿಂಗಳಿಗೆಂದು ಮೈಸೂರು, ದಾವಣಗೆರೆ, ಹುಬ್ಬಳ್ಳಿಯಿಂದ ಹೋದ ತಂದೆತಾಯಿಯರನ್ನು ಅನಹೈಮಿಗೋ ಒರ್ಲ್ಯಾಂಡೊಗೋ ಒಂದು ಸುತ್ತು ಕರೆದೊಯ್ಯದಿದ್ದರೆ ಅಮೆರಿಕ ತೋರಿಸಿದಂತಾಗುವುದಿಲ್ಲ. ಅಲ್ಲಿ ಮೂರು ವರ್ಷ ತುಂಬದವರಿಗೆ ಪ್ರವೇಶ ಉಚಿತ, ದೊಡ್ಡವರ ಒಂದು ದಿನದ ಟಿಕೆಟ್ಟು ನೂರು ಡಾಲರ್ ದಾಟಿದೆ. ಹಾಗಾಗಿ ಮೂರನೇ ಹುಟ್ಟುಹಬ್ಬಕ್ಕೆ ಮುಂಚೆ ಒಮ್ಮೆ ಹೋಗಿ ಬಂದುಬಿಡೋಣ ಎಂಬ ತರಾತುರಿ ಅಲ್ಲಿನ ಮನೆಗಳಲ್ಲಿ ಸಾಮಾನ್ಯ. ಮಗುವಿನ ಒಂದು ಟಿಕೆಟ್ ಉಳಿಸಲು ದೊಡ್ಡವರು ನಾಲ್ಕು ಟಿಕೆಟ್ ಕೊಳ್ಳುವ ಈ ಲೆಕ್ಕ ಯಾವ ಗಣಿತವೋ ಅರ್ಥವಾಗುವುದಿಲ್ಲ. ಹೋದರೂ ಆ ಮಗು ದೊಡ್ಡ ರೈಡು ಹತ್ತುವಂತಿಲ್ಲ: ಫ್ಲಾರಿಡಾದ ಸ್ಪೇಸ್ ಮೌಂಟನ್ ಎಂಬ ರೈಡು ಹತ್ತಲು 44 ಇಂಚು, ಅಂದರೆ 112 ಸೆಂಟಿಮೀಟರ್ ಎತ್ತರ ಬೇಕು. ಸಾಮಾನ್ಯವಾಗಿ ಐದೂವರೆ ವರ್ಷದ ಮಾತು.

ಆದರೆ ಅಲ್ಲಿಂದ ಕಲಿಯಬೇಕಾದದ್ದೂ ಇದೆ. ಡಂಬೊ ಎಂಬ ಹಾರುವ ಆನೆಯಂಥ ಆಟಗಳಿಗೆ ಎತ್ತರದ ಅಡ್ಡಿಯೇ ಇಲ್ಲ, ಅಮ್ಮನ ಪಕ್ಕ ಕೂತು ಯಾವ ಮಗುವೂ ಹೋಗಬಹುದು. ದೊಡ್ಡ ರೈಡುಗಳಲ್ಲಿ ಅದಲುಬದಲಿನ ವ್ಯವಸ್ಥೆ ಉಂಟು: ಅಪ್ಪ ಹತ್ತಿ ಬರುವತನಕ ಅಮ್ಮ ಮಗುವಿನೊಂದಿಗೆ ಹೊರಗಿದ್ದರೆ, ಆಮೇಲೆ ಅವಳು ಮತ್ತೆ ಉದ್ದನೆಯ ಸಾಲಿನಲ್ಲಿ ನಿಲ್ಲದೆ ನೇರವಾಗಿ ಹತ್ತಬಹುದು. ಹಾಲೂಡಿಸಲು, ಬಟ್ಟೆ ಬದಲಿಸಲು, ಊಟ ಬಿಸಿ ಮಾಡಲು ಪ್ರತ್ಯೇಕ ಶಿಶುಕೇಂದ್ರಗಳಿವೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮಧ್ಯಾಹ್ನ ಹೊರಗೆ ಹೋಗಿ ಕೋಣೆಯಲ್ಲಿ ಮಲಗೆದ್ದು ಅದೇ ಟಿಕೆಟ್ಟಿನಲ್ಲಿ ಸಂಜೆ ಮತ್ತೆ ಒಳಬರಬಹುದು. ದಿನದ ಟಿಕೆಟ್ಟನ್ನು ಮಗುವಿನ ನಿದ್ದೆಯ ಸುತ್ತ ಎರಡು ತುಂಡು ಮಾಡಲು ಇದೊಂದೇ ಅನುಕೂಲ ಸಾಕು. ಹಾಗೆ ಮಾಡುವವರು ಎಷ್ಟು ಮಂದಿ ಎನ್ನುವುದು ಬೇರೆ ಮಾತು. ಅಲ್ಲೂ ವಸೂಲಿಯ ಭೂತ ಹೆಗಲೇರಿಯೇ ಇರುತ್ತದೆ.

ನನ್ನ ವಾದಕ್ಕೆ ಬರಬಹುದಾದ ಗಟ್ಟಿ ಪ್ರಶ್ನೆ ದೊಡ್ಡ ಮಗುವಿನದು. ಎಂಟು ವರ್ಷದ ಅಕ್ಕ ಇಡೀ ವರ್ಷ ಕಾದಿರುತ್ತಾಳೆ, ಎರಡು ವರ್ಷದ ತಮ್ಮನ ನಿದ್ದೆಗಾಗಿ ಅವಳ ದಿನವನ್ನು ಯಾಕೆ ಬಲಿಕೊಡಬೇಕು? ಕೊಡಬಾರದು. ತಮ್ಮನನ್ನು ಎಲ್ಲಿ ಬಿಡುವುದು ಎಂದರೆ, ಕೂಡುಕುಟುಂಬ ಒಡೆದ ಮೇಲೆ, ಅತ್ತೆ ಮಾವ ಊರಿನಲ್ಲಿರುವಾಗ, ಬಿಡಲು ಮನೆಯೇ ಇಲ್ಲ. ಹೆತ್ತವರಿಗೂ ವರ್ಷದಲ್ಲಿ ಒಂದು ದಿನ ಕಿರುಚಿ ನಗುವ ಹಕ್ಕಿದೆ, ಮಗು ಹುಟ್ಟಿದ ತಪ್ಪಿಗೆ ಅವರು ಐದು ವರ್ಷ ಮನೆಯಲ್ಲೇ ಕೂರಬೇಕೆಂದು ಹೇಳುವ ಉಪದೇಶಕರ ಗುಂಪಿಗೆ ನಾನು ಸೇರಿದವನಲ್ಲ. ನಾನು ಕೇಳುವುದು ಇಷ್ಟೇ: ‘ಮಗುವಿಗೋಸ್ಕರ ಹೋಗುತ್ತಿದ್ದೇವೆ’ ಎಂಬ ಮಾತನ್ನು ಬಿಟ್ಟುಬಿಡಿ. ‘ನಮಗೋಸ್ಕರ, ದೊಡ್ಡವಳಿಗೋಸ್ಕರ ಹೋಗುತ್ತಿದ್ದೇವೆ, ಚಿಕ್ಕವನು ಜೊತೆಗೆ ಬರುತ್ತಿದ್ದಾನೆ’ ಎಂದು ಹೊರಡುವ ಮುನ್ನವೇ ಒಪ್ಪಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ. ಆಗ ಒಬ್ಬರು ದೊಡ್ಡವಳ ಜೊತೆ, ಒಬ್ಬರು ಚಿಕ್ಕವನ ಜೊತೆ ಎಂದು ಪಾಳಿ ಹಾಕಿಕೊಳ್ಳಲು ಸಂಕೋಚವಿರುವುದಿಲ್ಲ. ‘ಎಲ್ಲರೂ ಒಟ್ಟಿಗೇ ಇರಬೇಕು’ ಎಂಬ ಹಟದಲ್ಲಿ ಅಕ್ಕನೂ ಅಳುತ್ತ ತಮ್ಮನೂ ಅಳುತ್ತ ಮುಗಿಯುವ ಸಂಜೆ ತಪ್ಪುತ್ತದೆ. ಮಗುವಿನ ಹೆಸರಿನಲ್ಲಿ ಹೊರಟಾಗಲೇ ‘ನಿನಗೋಸ್ಕರ ಇಷ್ಟು ಖರ್ಚು ಮಾಡಿ ಬಂದರೆ ಹೀಗಾ ಮಾಡೋದು’ ಎಂಬ ಗದರಿಕೆ ಬಾಯಿಗೆ ಬರುವುದು. ಕೂಸು ಯಾವ ಖರ್ಚನ್ನೂ ಕೇಳಿರಲಿಲ್ಲ.

ಇನ್ನು ಅಜ್ಜಿ. ನಮ್ಮ ಮನೆಗಳ ಪಾರ್ಕ್ ಪ್ರವಾಸ ನಿಜಕ್ಕೂ ನಿಂತಿರುವುದು ಈಕೆಯ ಮೇಲೆ. ಮಂಡಿನೋವು, ಬಿ.ಪಿ. ಮಾತ್ರೆ, ರೇಷ್ಮೆಯಲ್ಲದಿದ್ದರೂ ಮಡಿಕೆ ಕೆಡದ ಸೀರೆ. ಈಕೆ ಯಾವ ರೈಡನ್ನೂ ಹತ್ತುವುದಿಲ್ಲ, ನೀರಿಗೂ ಇಳಿಯುವುದಿಲ್ಲ. ಎಲ್ಲರ ಚಪ್ಪಲಿ, ಫೋನು, ಒದ್ದೆ ಟವೆಲು, ಮಗುವಿನ ಹಾಲಿನ ಬಾಟಲಿ ಕಾಯುತ್ತ, ಮಗು ಮಲಗಿದರೆ ಸೆರಗಿನಲ್ಲಿ ಗಾಳಿ ಬೀಸುತ್ತ ಕೂರುತ್ತಾಳೆ. ವಾಲ್ಟ್ ಡಿಸ್ನಿ ಎದ್ದು ಹೋದ ಬೆಂಚಿನ ಮೇಲೆ ಈಗ ನಮ್ಮ ಅಜ್ಜಿ ಕೂತಿದ್ದಾಳೆ, ಅದೂ ಟಿಕೆಟ್ ಕೊಂಡು. ಹಿರಿಯರಿಗೆ ರಿಯಾಯಿತಿ ಕೊಡುವ ಕಡೆಯೂ ಆಕೆ ಕೊಳ್ಳುವುದು ಆಟದ ಟಿಕೆಟ್ಟನ್ನೇ, ಕೂರುವುದಕ್ಕೆಂದೇ ಒಂದು ದರ ಇಲ್ಲ. ಬಿಡದಿಯಲ್ಲಿ ಅರವತ್ತಕ್ಕೂ ಹೆಚ್ಚು ರೈಡುಗಳನ್ನು ಕಟ್ಟಲು ಬಂದ ಕಲ್ಪನಾಶಕ್ತಿ ಈ ಒಂದು ಬೆಂಚಿನ ವಿಷಯದಲ್ಲಿ ಯಾಕೆ ಸೋತಿತು ಎಂದು ನನಗೆ ಆಶ್ಚರ್ಯ.

ಅದಕ್ಕೇ ಮನೆಯವರಿಗೆ ಹೇಳುವುದಕ್ಕಿಂತ ಪಾರ್ಕಿನವರಿಗೆ ಹೇಳುವುದು ಹೆಚ್ಚಿದೆ. ಬಿಡದಿಯ ವಂಡರ್‌ಲಾ 2005ರಿಂದ ನಡೆಯುತ್ತಿದೆ, ಅದೇ ಸಂಸ್ಥೆ ಕೊಚ್ಚಿ, ಹೈದರಾಬಾದ್, ಭುವನೇಶ್ವರಗಳಲ್ಲೂ ಪಾರ್ಕು ನಡೆಸುತ್ತದೆ. ಮೈಸೂರಿನಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಇಷ್ಟು ವರ್ಷದ ಅನುಭವವಿರುವ ಉದ್ಯಮಕ್ಕೆ ಎರಡು ವರ್ಷದ ಮಗುವಿರುವ ತಂಡಕ್ಕೆಂದೇ ಒಂದು ಅರ್ಧ ದಿನದ ಟಿಕೆಟ್ ಮಾಡುವುದು ಕಷ್ಟದ ಕೆಲಸವಲ್ಲ. ರೈಡ್ ಹತ್ತದೆ ಮಗುವನ್ನು ನೋಡಿಕೊಳ್ಳುವ ಒಬ್ಬರಿಗೆ ನಾಮಮಾತ್ರದ ಪ್ರವೇಶದರ, ಬೇರೆ ಬಣ್ಣದ ಕೈಪಟ್ಟಿ. ಅಪ್ಪ ಅಮ್ಮನಿಗೆ ಅದಲುಬದಲಿನ ಸೌಕರ್ಯ. ಪಕ್ಕದಲ್ಲಿ ಸಂಗೀತವಿಲ್ಲದ, ತಣ್ಣಗಿನ, ಮಂದ ಬೆಳಕಿನ ಒಂದು ಮಲಗುವ ಕೋಣೆ. ಮಡಚಿದ ಜಮಖಾನ, ಒಂದು ಜೋಲಿ ಕಟ್ಟಲು ಕೊಂಡಿ ಇದ್ದರೂ ನಡೆದೀತು. ಬಿಸಿನೀರು ಸಿಗುವ ಒಂದು ನಲ್ಲಿ. ರಜಾದಿನಗಳಲ್ಲಾದರೂ ಸಣ್ಣ ಮಕ್ಕಳ ಆಟಗಳಿರುವ ಭಾಗವನ್ನಷ್ಟೇ ಒಂಬತ್ತಕ್ಕೆ ತೆರೆಯುವುದು.

‘ಇದನ್ನು ಜನ ದುರುಪಯೋಗ ಮಾಡಿಕೊಳ್ಳುತ್ತಾರೆ, ಮಗು ತೋರಿಸಿ ಎಲ್ಲರೂ ಅರ್ಧ ದರಕ್ಕೆ ನುಗ್ಗುತ್ತಾರೆ’ ಎನ್ನಬಹುದು ಪಾರ್ಕಿನವರು. ‘ಇನ್ನೂ ಐದು ಸಾರ್’ ಎನ್ನುವ ಜನರ ಬಗ್ಗೆ ಈ ಭಯ ಸುಳ್ಳೂ ಅಲ್ಲ. ಆದರೆ ಸುಳ್ಳು ಹೇಳಲಾಗದ ಅಳತೆಪಟ್ಟಿ ಅವರ ಬಾಗಿಲಲ್ಲೇ ನಿಂತಿದೆ. ಗೆರೆಯ ಕೆಳಗೆ ಒಂದು ಮಗು, ಅದಕ್ಕೆ ಒಬ್ಬರೇ ಕಾವಲು, ಕೈಪಟ್ಟಿಯ ಬಣ್ಣ ನೋಡಿ ರೈಡಿನ ಬಾಗಿಲಲ್ಲಿ ತಡೆದರೆ ಮುಗಿಯಿತು. ನಷ್ಟದ ಮಾತೂ ನಿಲ್ಲುವುದಿಲ್ಲ: ಹೇಗೂ ಯಾವ ಆಟವನ್ನೂ ಆಡದ ಅಜ್ಜಿಯ ಟಿಕೆಟ್ಟಿನಲ್ಲಿ ಬಿಟ್ಟುಕೊಟ್ಟದ್ದು, ‘ಸಣ್ಣ ಮಗುವಿದೆ, ಇನ್ನೆರಡು ವರ್ಷ ಬೇಡ’ ಎಂದು ಮನೆಯಲ್ಲೇ ಉಳಿಯುತ್ತಿದ್ದ ಇನ್ನಷ್ಟು ಸಂಸಾರಗಳು ಬಂದರೆ ತುಂಬಿಕೊಳ್ಳುತ್ತದೆ. ಊಟದ ಬಿಲ್ಲಿನಲ್ಲೇ ತುಂಬಿಕೊಳ್ಳುತ್ತದೆ ಎಂದರೂ ತಪ್ಪಿಲ್ಲ, ಹೊರಗಿನ ತಿಂಡಿಯನ್ನು ಒಳಗೆ ಬಿಡುವ ಪಾರ್ಕುಗಳು ಅಪರೂಪ.

ಅಲ್ಲಿಯತನಕ? ನಾಲ್ಕು ನಾಲ್ಕೂವರೆ ತುಂಬಿ, ಸಾಲಿನಲ್ಲಿ ನಿಂತು ‘ನನ್ನ ಸರದಿ ಯಾವಾಗ’ ಎಂದು ಕೇಳುವಷ್ಟಾಗಿ, ಹೆದರಿಕೆಯಾದರೆ ‘ಬೇಡ’ ಎಂದು ಬಾಯಿಬಿಟ್ಟು ಹೇಳುವಷ್ಟಾದ ಮೇಲೆ ದೊಡ್ಡ ಪಾರ್ಕಿಗೆ ಹೋದರೆ ಮಗುವಿನದೂ ದಿನ, ಮನೆಯವರದೂ ದಿನ. ಎರಡು ವರ್ಷದವರಿಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಪುಟಾಣಿ ಎಕ್ಸ್‌ಪ್ರೆಸ್ ಇದೆ. ಕೂ ಎನ್ನುತ್ತದೆ, ಮರಗಳ ನಡುವೆ ಒಂದು ಸುತ್ತು ಹೊಡೆಯುತ್ತದೆ, ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಟಿಕೆಟ್ಟು ಒಂದು ಸುತ್ತಿನದು. ಮಗು ಇಳಿದು, ರೈಲು ನಿಂತಿರುವುದನ್ನು ಒಮ್ಮೆ ತಿರುಗಿ ನೋಡಿ, ಎರಡು ವರ್ಷದವರು ಯಾವಾಗಲೂ ಹೇಳುವ ಆ ಒಂದೇ ಮಾತನ್ನು ಹೇಳುತ್ತದೆ: ‘ಇನ್ನೊಂದ್ಸಲ.’ ಇನ್ನೊಂದು ಟಿಕೆಟ್ ಕೊಳ್ಳಿ, ಅಥವಾ ನಿದ್ದೆಯ ಹೊತ್ತಾಗಿದ್ದರೆ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಡಿ.